ಈ ಸಮೀಕರಣದಲ್ಲಿ ಇಲಿ ಎಲ್ಲಿದೆ? ಪುಣೆಯ ಒಂದು ವಾರಾಂತ್ಯ ತರಗತಿಯ ವಿಮರ್ಶೆ

ಜೀವವಿಜ್ಞಾನ ಓದಿದವರಿಗೆ ಗಣಿತೀಯ ಮಾದರಿಗಳನ್ನೂ ಗಣಕದಲ್ಲಿ ಅವುಗಳನ್ನು ನಡೆಸಿ ನೋಡುವ ಕ್ರಮವನ್ನೂ ಕಲಿಸುತ್ತೇವೆಂದು ಹೇಳುವ ಖಾಸಗಿ ತರಗತಿಯೊಂದು ಪುಣೆಯ ಕರ್ವೆ ರಸ್ತೆಯ ಆಸುಪಾಸಿನಲ್ಲಿ ನಡೆಯುತ್ತಿದೆ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಪಾಠ; ಶುಲ್ಕ 9,000 ರೂಪಾಯಿ; ಕೊನೆಯಲ್ಲಿ ಒಂದು ಕಿರು ಯೋಜನೆ ಮತ್ತು ಪ್ರಮಾಣಪತ್ರ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಹೊಸ ಪಠ್ಯಕ್ರಮದ ಒತ್ತಾಯಕ್ಕೆ ಸೇರಿಕೊಂಡವನು. ಇಲ್ಲಿನ ಕನ್ನಡಿಗ ಮಿತ್ರರು, ಅದರಲ್ಲೂ ಮಕ್ಕಳನ್ನು ಬಿ.ಎಸ್ಸಿ. ಓದಿಸುತ್ತಿರುವವರು, ಈ ತರಗತಿ ಹೇಗಿದೆಯೆಂದು ಮತ್ತೆ ಮತ್ತೆ ವಿಚಾರಿಸುತ್ತಿರುವುದರಿಂದ ಈ ವಿಮರ್ಶೆ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವ ಕಾರಣ ಸಂಸ್ಥೆಯ ಹೆಸರನ್ನು ಹೇಳಿಲ್ಲ; ಆ ಭಾಗದಲ್ಲಿ ವಾಸಿಸುವವರಿಗೆ ಯಾವುದೆಂದು ತಿಳಿಯುವುದು ಕಷ್ಟವೇನಲ್ಲ.

ಪಾಠ ಮಾಡುವವರು ಇಬ್ಬರು. ಭಾನುವಾರದ ಪಾಠ ನಿವೃತ್ತ ಸಂಖ್ಯಾಶಾಸ್ತ್ರ ಪ್ರಾಧ್ಯಾಪಕರದು. ಶನಿವಾರದ್ದು ಪೈಥಾನ್ ಎಂಬ ಗಣಕಭಾಷೆ ಬಲ್ಲ ಒಬ್ಬ ತರುಣನದು. ಒಂದೇ ಶುಲ್ಕಕ್ಕೆ ಎರಡು ಬೇರೆ ಬೇರೆ ತರಗತಿಗಳು ಸಿಗುತ್ತವೆ ಎಂದರೂ ತಪ್ಪಾಗದು. ತರುಣನಿಗೆ ಗೆರೆ ಅಂಕಿಗಳ ಮೇಲೆ ಸರಿಯಾಗಿ ಕುಳಿತರೆ ಸಾಕು, ಪಾಠ ಮುಗಿಯಿತು. ಪ್ರಾಧ್ಯಾಪಕರ ಪಾಠ ಶುರುವಾಗುವುದೇ ಗೆರೆ ಸರಿಯಾಗಿ ಕುಳಿತ ಮೇಲೆ. ಕೊಟ್ಟ ಹಣಕ್ಕೆ ತಕ್ಕದ್ದು ಸಿಕ್ಕಿತೇ ಎಂಬ ಪ್ರಶ್ನೆಗೆ ನನ್ನ ಉತ್ತರವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಇದಕ್ಕೆ ಸಾಕ್ಷಿಯಾಗಿ ಪ್ಲೇಗಿನ ಪಾಠವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾಂಕ್ರಾಮಿಕ ರೋಗದ ಗಣಿತವನ್ನು ಕಲಿಸುವವರೆಲ್ಲ ಜನಸಂಖ್ಯೆಯನ್ನು ಮೂರು ಪೆಟ್ಟಿಗೆಗಳಾಗಿ ವಿಂಗಡಿಸುತ್ತಾರೆ: ಸೋಂಕು ತಗುಲಬಹುದಾದವರು, ಸೋಂಕಿತರು, ಗುಣವಾಗಿಯೋ ಸತ್ತೋ ಆಟದಿಂದ ಹೊರಬಿದ್ದವರು. ಮೊದಲ ಪೆಟ್ಟಿಗೆಯಿಂದ ಎರಡನೆಯದಕ್ಕೆ ಜನ ಸಾಗುವ ವೇಗ ಆ ಎರಡೂ ಪೆಟ್ಟಿಗೆಗಳ ಗುಣಲಬ್ಧವನ್ನು ಅವಲಂಬಿಸಿರುತ್ತದೆ; ಎರಡನೆಯದರಿಂದ ಮೂರನೆಯದಕ್ಕೆ ಸಾಗುವ ವೇಗ ಸೋಂಕಿತರ ಸಂಖ್ಯೆಯನ್ನು ಮಾತ್ರ. ಈ ಮಾದರಿಯನ್ನು ನೆಲೆಗೊಳಿಸಿದ್ದು ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಅವರು 1927ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ. ಕೆರ್ಮ್ಯಾಕ್ ಪ್ರಯೋಗಾಲಯದ ಸ್ಫೋಟದಲ್ಲಿ ಕಣ್ಣು ಕಳೆದುಕೊಂಡಿದ್ದ ರಸಾಯನಶಾಸ್ತ್ರಜ್ಞ. ಮೆಕೆಂಡ್ರಿಕ್ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದು ಕಸೌಲಿಯಲ್ಲಿ ಕೆಲಸ ಮಾಡಿದ ವೈದ್ಯ. ತಮ್ಮ ಸಮೀಕರಣವನ್ನು ಒರೆಗೆ ಹಚ್ಚಲು ಅವರು ಆರಿಸಿಕೊಂಡದ್ದು ನಮ್ಮ ಪಕ್ಕದ ಮುಂಬೈಯನ್ನು: 1905ರ ಡಿಸೆಂಬರ್ 17ರಿಂದ 1906ರ ಜುಲೈ 21ರವರೆಗೆ ಅಲ್ಲಿ ವಾರವಾರವೂ ಪ್ಲೇಗಿನಿಂದ ಸತ್ತವರ ಸಂಖ್ಯೆ. ಸಾವಿತ್ರಿಬಾಯಿ ಫುಲೆಯವರು 1897ರಲ್ಲಿ ರೋಗಿಗಳ ಸೇವೆ ಮಾಡುತ್ತಲೇ ಪ್ಲೇಗಿಗೆ ಬಲಿಯಾದ ಈ ಊರಿನಲ್ಲಿ ಕುಳಿತು ಆ ಅಂಕಿಗಳನ್ನು ನೋಡುವಾಗ ಪಾಠ ತಾನಾಗಿಯೇ ಗಂಭೀರವಾಗುತ್ತದೆ.

ಶನಿವಾರದ ತರಗತಿಯಲ್ಲಿ ಈ ಅಂಕಿಗಳನ್ನು ಪೈಥಾನಿಗೆ ಹಾಕಿ ಗೆರೆ ಎಳೆದೆವು. ಪ್ರಬಂಧದಲ್ಲಿರುವ ಸೂತ್ರದ ಪ್ರಕಾರ ವಾರದ ಸಾವುಗಳು 890ನ್ನು ಒಂದು ಹೈಪರ್ಬೋಲಿಕ್ ಸೆಕೆಂಟಿನ (ಗಂಟೆಯಾಕಾರದ ಗೆರೆ ಕೊಡುವ ಫಲನದ) ವರ್ಗದಿಂದ ಗುಣಿಸಿದಷ್ಟು. ಅದರೊಳಗೆ ಕಾಲವನ್ನು 0.2ರಿಂದ ಗುಣಿಸಿ 3.4ನ್ನು ಕಳೆಯಬೇಕು. 3.4ನ್ನು 0.2ರಿಂದ ಭಾಗಿಸಿದರೆ 17 ಬರುತ್ತದೆ, ಅಂದರೆ ಹದಿನೇಳನೆಯ ವಾರದಲ್ಲಿ, ಏಪ್ರಿಲ್ ನಡುವಿನಲ್ಲಿ, ಸಾವು ಶಿಖರ ಮುಟ್ಟಬೇಕು. ಗೆರೆಯ ಕೆಳಗಿನ ಒಟ್ಟು ವಿಸ್ತೀರ್ಣ 8,900 ಸಾವುಗಳು. ಪರದೆಯ ಮೇಲೆ ಅಂಕಿಗಳ ಚುಕ್ಕೆಗಳ ನಡುವೆ ಗೆರೆ ನುಣ್ಣಗೆ ಹಾದುಹೋಯಿತು. ತರುಣ ಮೇಷ್ಟ್ರು ಸಂತೋಷಪಟ್ಟು ಮುಂದಿನ ಸ್ಲೈಡಿಗೆ ಹೋದರು.

ನನ್ನ ಪಕ್ಕದಲ್ಲಿ ವಿಜಯಪುರದ ಒಬ್ಬ ಹೆಣ್ಣುಮಗಳು ಕೂಡುತ್ತಿದ್ದಳು; ಹಿಂಜೇವಾಡಿಯ ಕಂಪನಿಯೊಂದರಲ್ಲಿ ಔಷಧ ಪರೀಕ್ಷೆಗಳ ದತ್ತಾಂಶ ನೋಡಿಕೊಳ್ಳುವ ಕೆಲಸ ಅವಳದು. ಆಕೆ ನನ್ನ ಕಡೆ ಬಾಗಿ, "ಸರ, ಪ್ಲೇಗ್ ಇಲಿಯಿಂದ ಬರತೈತಲ್ರೀ. ಇದರಾಗ ಇಲಿ ಎಲ್ಲೈತ್ರಿ?" ಎಂದಳು. ಇಡೀ ತರಗತಿಯಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಇದು. ಶನಿವಾರ ಅದಕ್ಕೆ ಉತ್ತರ ದೊರೆಯಲಿಲ್ಲ. ಭಾನುವಾರ ಪ್ರಾಧ್ಯಾಪಕರ ಮುಂದಿಟ್ಟಾಗ ಅವರು ಅಂದಿನ ಪಾಠವನ್ನೇ ಬದಿಗಿಟ್ಟು ಪೂರ್ತಿ ಬೆಳಿಗ್ಗೆಯನ್ನು ಅದಕ್ಕೆ ಕೊಟ್ಟರು.

ಅವರು ಮೊದಲು ಮಾಡಿಸಿದ್ದು ಲೆಕ್ಕ, ಅದೂ ಕಾಗದದ ಮೇಲೆ. 890, 0.2, 3.4 ಎಂಬ ಮೂರು ಅಂಕಿಗಳಿಂದ ಹಿಂದಕ್ಕೆ ಹೋಗಿ ಮಾದರಿಯ ನಿಯತಾಂಕಗಳನ್ನು ಹುಡುಕಬೇಕು. ಆದರೆ ತಿಳಿಯಬೇಕಾದವು ನಾಲ್ಕು: ಹರಡುವ ದರ, ಸೋಂಕಿನಿಂದ ಹೊರಬೀಳುವ ದರ, ಆರಂಭದಲ್ಲಿ ಸೋಂಕು ತಗುಲಬಹುದಾಗಿದ್ದವರ ಸಂಖ್ಯೆ, ಆರಂಭದ ಸೋಂಕಿತರ ಸಂಖ್ಯೆ. ಹೀಗಾಗಿ ಒಂದನ್ನು ನಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಸೋಂಕಿತ ಸರಾಸರಿ ಅರ್ಧ ವಾರ ಸೋಂಕು ಹರಡುತ್ತಾನೆಂದು ಇಟ್ಟುಕೊಂಡವರಿಗೆ ಸೋಂಕು ತಗುಲಬಹುದಾಗಿದ್ದವರು ಸುಮಾರು 32,000 ಎಂದು ಬಂತು. ಕಾಲು ವಾರವೆಂದು ಇಟ್ಟುಕೊಂಡವರಿಗೆ ಸುಮಾರು 54,000. ಆ ಅಂದಾಜು ಸೂತ್ರದಲ್ಲಿ ಎರಡೂ ಲೆಕ್ಕಗಳಿಂದ ಬರುವ ಗೆರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಒಂದೇ ಗೆರೆ. ಆಗ ಅವರು ಕೇಳಿದರು: ಅಂದಿನ ಮುಂಬೈಯ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು, ಉಳಿದ ಒಂಬತ್ತು ಲಕ್ಷಕ್ಕೂ ಹೆಚ್ಚಿನ ಜನರಿಗೆ ಪ್ಲೇಗ್ ತಗುಲುವುದೇ ಸಾಧ್ಯವಿರಲಿಲ್ಲವೇ? ಈ ಮಾದರಿ ಹೇಳುವ ಪ್ರಕಾರ ಏಪ್ರಿಲ್ ನಂತರ ಸಾವು ಇಳಿದದ್ದು ಸೋಂಕು ತಗುಲಬಲ್ಲವರು ಕಡಿಮೆಯಾದ್ದರಿಂದ. ಹಾಗಿದ್ದಲ್ಲಿ ಪ್ಲೇಗ್ ಮರುವರ್ಷ, ಅದರ ಮರುವರ್ಷ, ಅದೇ ತಿಂಗಳುಗಳಲ್ಲಿ ಮತ್ತೆ ಏಕೆ ಏರಿತು?

ಮುಂಬೈಯ ಪ್ಲೇಗ್ ಋತುವನ್ನು ಹಿಡಿದು ಏರಿಳಿಯುತ್ತಿತ್ತು. ಇಲಿಗಳಲ್ಲಿ ರೋಗ ಹಬ್ಬಬೇಕು, ಇಲಿ ಸಾಯಬೇಕು, ಅದರ ಮೈಮೇಲಿನ ಚಿಗಟ ಮನುಷ್ಯನನ್ನು ಕಚ್ಚಬೇಕು. ಚಿಗಟದ ಬದುಕೋ ಬಿಸಿಲು ಮತ್ತು ತೇವಕ್ಕೆ ಕಟ್ಟುಬಿದ್ದದ್ದು. ಮನುಷ್ಯರ ಸಾವಿನ ಗೆರೆಯು ಇಲಿಗಳೊಳಗೆ ನಡೆದ ಇನ್ನೊಂದು ಕಥೆಯ ನೆರಳು. ಚಿಗಟದ ಪಾತ್ರವನ್ನು ಪಾಲ್ ಲೂಯಿ ಸಿಮೋಂಡ್ 1898ರಲ್ಲಿಯೇ ತೋರಿಸಿಕೊಟ್ಟಿದ್ದರು, ಅಂದರೆ 1927ರ ಹೊತ್ತಿಗೆ ಇದು ಹಳೆಯ ಸಂಗತಿ. ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಅವರಿಗೂ ಇದು ಗೊತ್ತಿತ್ತು. ತಾವು ಇಟ್ಟುಕೊಂಡ ಷರತ್ತುಗಳು ಕಟ್ಟುನಿಟ್ಟಾಗಿ ಪೂರೈಕೆಯಾಗುವುದಿಲ್ಲ, ಆದ್ದರಿಂದ ಈ ಅಂಕಿಗಳು ಬಹಳ ಒರಟಾದ ಅಂದಾಜು ಎಂದು ಅವರೇ ಬರೆದಿದ್ದಾರೆ. ಪ್ರಾಧ್ಯಾಪಕರು ಆ ಪುಟದ ಪ್ರತಿಯನ್ನು ನಮಗೆ ಹಂಚಿದರು. ಸಂಸ್ಥೆ ಅಚ್ಚು ಹಾಕಿಸಿರುವ ಪಠ್ಯದಲ್ಲಿ ಗ್ರಾಫ್ ಇದೆ, ಸೂತ್ರವಿದೆ; ಆ ಒಂದು ವಾಕ್ಯ ಮಾತ್ರ ಬಿಟ್ಟುಹೋಗಿದೆ. ಯಾವುದನ್ನು ಉಳಿಸಿ ಯಾವುದನ್ನು ಬಿಟ್ಟರು ಎಂಬುದರಲ್ಲೇ ಆ ಪಠ್ಯದ ಮನೋಭಾವ ತಿಳಿಯುತ್ತದೆ.

ಪುಣೆಯದೇ ಉದಾಹರಣೆಯನ್ನೂ ಪ್ರಾಧ್ಯಾಪಕರು ತೆಗೆದುಕೊಂಡರು. 2020ರ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಗರದ ಐದು ಪ್ರಭಾಗಗಳಲ್ಲಿ (ವಾರ್ಡುಗಳಲ್ಲಿ) ನಡೆದ ರಕ್ತ ಸಮೀಕ್ಷೆಯಲ್ಲಿ ಶೇಕಡ 51.5 ಜನರಲ್ಲಿ ಕೋವಿಡ್ ಪ್ರತಿಕಾಯಗಳು ಕಂಡುಬಂದಿದ್ದವು. ಪ್ರಭಾಗದಿಂದ ಪ್ರಭಾಗಕ್ಕೆ ಇದು ಶೇಕಡ 36ರಿಂದ 65ರವರೆಗೆ ಬದಲಾಗುತ್ತಿತ್ತು. ಅಷ್ಟು ಜನಕ್ಕೆ ಸೋಂಕು ಬಂದುಹೋಗಿದ್ದರೆ ಅಲೆ ಇಳಿಯಬೇಕೆಂದು ಮೂರು ಪೆಟ್ಟಿಗೆಯ ಮಾದರಿಯನ್ನು ಕೈಯಲ್ಲಿ ಹಿಡಿದವರು ಹೇಳಬಹುದಿತ್ತು. ಆದರೆ ಆ ಅಲೆಯಲ್ಲಿ ನಗರದ ಪ್ರಕರಣಗಳು ಶಿಖರ ಮುಟ್ಟಿದ್ದು ಸೆಪ್ಟೆಂಬರಿನಲ್ಲಿ. ಸಮೀಕ್ಷೆ ನಡೆದದ್ದು ಸೋಂಕು ಹೆಚ್ಚಿದ್ದ ಪ್ರಭಾಗಗಳಲ್ಲಿ. ಕಸಬಾ ಪೇಠೆಯ ಹಳೆಯ ವಾಡೆಗಳಲ್ಲಿ (ಹಲವು ಸಂಸಾರಗಳ ದೊಡ್ಡ ಮನೆಗಳಲ್ಲಿ) ಇರುವವರೂ ಕೋಥ್ರೂಡಿನ ಫ್ಲ್ಯಾಟುಗಳಲ್ಲಿ ಇರುವವರೂ ಒಂದೇ ಪಾತ್ರೆಯಲ್ಲಿ ಕಲಸಿದ ಹಿಟ್ಟಿನಂತೆ ಬೆರೆತಿರುತ್ತಾರೆಂಬುದು ಸಮೀಕರಣದ ನಂಬಿಕೆ. ಎರಡು ಪ್ರದೇಶಗಳನ್ನು ಬೇರೆ ಬೇರೆ ಪೆಟ್ಟಿಗೆಗಳಾಗಿಸಿ, ನಡುವೆ ಸಣ್ಣ ಸಂಪರ್ಕವಿಟ್ಟು ನಾವೇ ಮಾದರಿಯನ್ನು ನಡೆಸಿದಾಗ ಎರಡನೆಯ ಶಿಖರ ತಡವಾಗಿ ಏಳುವುದನ್ನು ಕಂಡೆವು. ಇದು ಪುಣೆಯಲ್ಲಿ ನಡೆದದ್ದಕ್ಕೆ ವಿವರಣೆಯೇ ಎಂದು ಯಾರೋ ಕೇಳಿದ್ದಕ್ಕೆ, ಇದು ಆಗಬಹುದಾದ ವಿವರಣೆಗಳಲ್ಲಿ ಒಂದು, ಬೇರೆಯವನ್ನು ನೀವು ಇನ್ನೂ ನೋಡಿಲ್ಲ ಎಂದಷ್ಟೇ ಹೇಳಿ ಕುಳಿತರು.

ತಂತ್ರಾಂಶಗಳ ವಿಷಯಕ್ಕೆ ಬಂದರೆ, ಸಂಸ್ಥೆಯ ಆಯ್ಕೆ ಚೆನ್ನಾಗಿದೆ. ಹಣ ಕೊಟ್ಟು ಕೊಳ್ಳಬೇಕಾದದ್ದು ಯಾವುದೂ ಇಲ್ಲ. ಕಿಣ್ವಗಳ ಪಾಠಕ್ಕೆ ಕೊಪಾಸಿ, ಬೇಟೆ ಮತ್ತು ಬೇಟೆಗಾರರ ಪಾಠಕ್ಕೆ ನೆಟ್‌ಲೋಗೊ, ಉಳಿದದ್ದಕ್ಕೆ ಪೈಥಾನ್. ಕೊಪಾಸಿಯಲ್ಲಿ ರಾಸಾಯನಿಕ ಕ್ರಿಯೆಗಳನ್ನು ನಾವು ಕಾಗದದಲ್ಲಿ ಬರೆಯುವ ಹಾಗೆಯೇ ಟೈಪ್ ಮಾಡಿದರೆ ಅವಕಲ ಸಮೀಕರಣಗಳನ್ನು ಅದೇ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಗಣಿತಕ್ಕೆ ಹೆದರುವ ಜೀವವಿಜ್ಞಾನಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಗಲಾರದು. ಪ್ರಾಧ್ಯಾಪಕರು ಇಲ್ಲಿ ಮಾಡಿಸಿದ ಅಭ್ಯಾಸವನ್ನು ನಾನು ಈಗ ನನ್ನ ವಿದ್ಯಾರ್ಥಿಗಳಿಗೂ ಮಾಡಿಸುತ್ತಿದ್ದೇನೆ. ಕಿಣ್ವಕ್ರಿಯೆಯ ವೇಗವನ್ನು ಹೇಳುವ 1913ರ ಮೈಕೇಲಿಸ್–ಮೆಂಟೆನ್ ಸೂತ್ರವನ್ನು ನಾವೆಲ್ಲ ಬಿ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿದವರೇ. ಕೊಪಾಸಿಯಲ್ಲಿ ಒಂದು ಕಡೆ ಆ ಸೂತ್ರವನ್ನೂ, ಇನ್ನೊಂದು ಕಡೆ ಕಿಣ್ವವು ತಲಾಧಾರದೊಂದಿಗೆ (ತಾನು ಬದಲಿಸುವ ವಸ್ತುವಿನೊಂದಿಗೆ) ಕೂಡುವ, ಬಿಡುವ, ಉತ್ಪನ್ನ ಕೊಡುವ ಹಂತಗಳನ್ನು ಒಂದೊಂದಾಗಿಯೂ ಬರೆದು ಎರಡನ್ನೂ ಒಟ್ಟಿಗೆ ನಡೆಸಬೇಕು. ತಲಾಧಾರಕ್ಕಿಂತ ಕಿಣ್ವ ಬಹಳ ಕಡಿಮೆ ಇರುವವರೆಗೆ ಎರಡು ಗೆರೆಗಳೂ ಒಂದರ ಮೇಲೊಂದು ಕೂಡುತ್ತವೆ. ಕಿಣ್ವದ ಪ್ರಮಾಣವನ್ನು ತಲಾಧಾರದ ಸಮಕ್ಕೆ ಏರಿಸಿದೊಡನೆ ಅವು ದೂರ ಸರಿಯತೊಡಗುತ್ತವೆ, ಏಕೆಂದರೆ ತಲಾಧಾರದ ದೊಡ್ಡ ಪಾಲು ಕಿಣ್ವಕ್ಕೆ ಅಂಟಿಕೊಂಡೇ ಕುಳಿತಿರುತ್ತದೆ ಮತ್ತು ಸೂತ್ರ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರೀಕ್ಷಾ ನಳಿಕೆಯಲ್ಲಿ ಸರಿಯಿದ್ದ ಊಹೆ ಜೀವಕೋಶದೊಳಗೆ ಸರಿಯಿರಲೇಬೇಕೆಂಬ ನಿಯಮವಿಲ್ಲ. ಅದೇ ತಂತ್ರಾಂಶದಲ್ಲಿ ಆಯ್ಕೆಯನ್ನು ಬದಲಿಸಿ, ಅಣುಗಳು ಬೆರಳೆಣಿಕೆಯಷ್ಟೇ ಇರುವಾಗ ಆಕಸ್ಮಿಕದ ಪಾತ್ರವೆಷ್ಟೆಂಬುದನ್ನು ಗಿಲೆಸ್ಪಿಯ ವಿಧಾನದಲ್ಲಿ ನೋಡಬಹುದು. ಪ್ರತಿ ಸಲ ಗೆರೆ ಬೇರೆಯಾಗಿಯೇ ಬರುತ್ತದೆ.

ನೆಟ್‌ಲೋಗೊ ಪಾಠವನ್ನು ಶನಿವಾರದ ತರುಣನೇ ಮಾಡಿದ್ದು, ಮತ್ತು ನ್ಯಾಯವಾಗಿ ಹೇಳಬೇಕೆಂದರೆ ಅದು ಅವನ ಅತ್ಯುತ್ತಮ ಪಾಠ. ತಂತ್ರಾಂಶದ ಜೊತೆಗೇ ಬರುವ ತೋಳ ಮತ್ತು ಕುರಿಗಳ ಮಾದರಿಯಲ್ಲಿ ಪ್ರತಿಯೊಂದು ಪ್ರಾಣಿಯೂ ಪರದೆಯ ಮೇಲೆ ಪ್ರತ್ಯೇಕವಾಗಿ ಅಲೆಯುತ್ತದೆ, ತಿನ್ನುತ್ತದೆ, ಮರಿ ಹಾಕುತ್ತದೆ, ಸಾಯುತ್ತದೆ. ಲೋಟ್ಕಾ ಮತ್ತು ವೋಲ್ಟೆರಾ 1920ರ ದಶಕದಲ್ಲಿ ಕೊಟ್ಟ ಸಮೀಕರಣಗಳಲ್ಲಿ ತೋಳಗಳ ಸಂಖ್ಯೆ ಒಂದು ತೋಳದ ಸಾವಿರದಲ್ಲೊಂದು ಭಾಗಕ್ಕೆ ಇಳಿದು ಮತ್ತೆ ಚೇತರಿಸಿಕೊಳ್ಳಬಲ್ಲದು; ನೆಟ್‌ಲೋಗೊದಲ್ಲಿ ಕೊನೆಯ ತೋಳ ಸತ್ತರೆ ಸತ್ತಂತೆಯೇ. ಸಮೀಕರಣ ಎಂದೆಂದಿಗೂ ಸುತ್ತುತ್ತಿರುತ್ತದೆ, ಪರದೆಯ ಮೇಲಿನ ಹಿಂಡು ಒಂದು ದಿನ ಮುಗಿದುಹೋಗುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಬೇರೆ ಮಾತು ಬೇಕಿಲ್ಲ.

ಇನ್ನು ದೂರುಗಳು. ನರತಂತುವಿನ ವಿದ್ಯುತ್ ಸಂಕೇತದ ಬಗ್ಗೆ ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಮಂಡಿಸಿದ ಮಾದರಿ ಈ ಕ್ಷೇತ್ರದ ಹೆಮ್ಮೆ. ಸ್ಕ್ವಿಡ್‌ನ ದಪ್ಪ ನರತಂತುವಿನ ಮೇಲೆ ಮಾಡಿದ ಅಳತೆಗಳಿಂದ ಹುಟ್ಟಿದ ಆ ಸಮೀಕರಣಗಳನ್ನು, ಕೇಂಬ್ರಿಜ್‌ನ ಗಣಕಯಂತ್ರ ಆಗ ಬಳಕೆಗೆ ಸಿಗದ ಕಾರಣ, ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ಬಿಡಿಸಿದರು; 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದಕ್ಕೆ ನಮ್ಮಲ್ಲಿ ಮೀಸಲಿಟ್ಟದ್ದು ಒಂದೇ ಗಂಟೆ. ಸೋಡಿಯಂ ದ್ವಾರ ತೆರೆಯಲು ಒಂದೇ ಬಗೆಯ ಮೂರು ಕಣಗಳು ಒಟ್ಟಿಗೆ ಸ್ಥಾನಕ್ಕೆ ಬರಬೇಕೆಂಬುದನ್ನು ಅವರು ಹೇಗೆ ಊಹಿಸಿದರು ಎಂಬ ತಿರುಳನ್ನು ಬಿಟ್ಟು, ಸಿದ್ಧ ಕೋಡನ್ನು ಓಡಿಸಿ ಮೊನಚಾದ ಗೆರೆ ತೋರಿಸಿ ಮುಗಿಸಿದರು. ಅಲನ್ ಟ್ಯೂರಿಂಗ್ ಅದೇ 1952ರಲ್ಲಿ ಬರೆದ, ಎರಡು ರಾಸಾಯನಿಕಗಳ ಪರಸ್ಪರ ಕ್ರಿಯೆ ಮತ್ತು ವಿಸರಣೆಯಿಂದಲೇ ಚುಕ್ಕೆ ಪಟ್ಟೆಗಳು ಮೂಡಬಹುದೆಂಬ ಸಿದ್ಧಾಂತ ಪಠ್ಯಸೂಚಿಯಲ್ಲಿದೆ, ಪಾಠದಲ್ಲಿ ಬರಲಿಲ್ಲ.

ಆ ಸಮಯವೆಲ್ಲ ಎಲ್ಲಿಗೆ ಹೋಯಿತೆಂದರೆ ಕೃತಕ ಬುದ್ಧಿಮತ್ತೆಯ ಪ್ರದರ್ಶನಕ್ಕೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವುದೂ ಅದೇ. ಆಲ್ಫಾಫೋಲ್ಡ್ ಪ್ರೋಟೀನುಗಳ ಆಕಾರವನ್ನು ಊಹಿಸುವುದು ದೊಡ್ಡ ಸಾಧನೆಯೇ, 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅದಕ್ಕೆ ಪಾಲು ಸಿಕ್ಕಿದೆ. ಆದರೆ ಇನ್ನೊಬ್ಬರು ತರಬೇತು ಮಾಡಿಟ್ಟ ವ್ಯವಸ್ಥೆಗೆ ಅಮೈನೋ ಆಮ್ಲಗಳ ಸರಣಿಯನ್ನು ಕೊಟ್ಟು ಬಣ್ಣದ ಚಿತ್ರ ಪಡೆಯುವುದನ್ನು ಮಾದರಿ ರಚನೆಯ ತರಬೇತಿ ಎನ್ನಲಾಗದು. ಬಂದವರಲ್ಲಿ ಅನೇಕರು ಆ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡರು, ಸಂಸ್ಥೆಗೂ ಬೇಕಾದದ್ದು ಅದೇ ಇರಬೇಕು.

ಕೋಣೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಲ್ಯಾಪ್‌ಟಾಪ್ ನಮ್ಮದೇ ಒಯ್ಯಬೇಕು. ಪ್ಲಗ್ ಪಾಯಿಂಟುಗಳು ಗೋಡೆಯ ಬದಿಯಲ್ಲಿ ಮಾತ್ರ ಇರುವುದರಿಂದ ಬೇಗ ಹೋದವರೇ ಜಾಣರು. ಪಾಠ ಇಂಗ್ಲಿಷಿನಲ್ಲಿ, ನಡುನಡುವೆ ಮರಾಠಿ. ಮರಾಠಿ ಬಾರದವರು ಹೇಳಿದರೆ ಪ್ರಾಧ್ಯಾಪಕರು ಹಿಂದಿಗೆ ತಿರುಗುತ್ತಾರೆ. ಪ್ರಮಾಣಪತ್ರಕ್ಕೆ ಯಾವ ವಿಶ್ವವಿದ್ಯಾಲಯದ ಮಾನ್ಯತೆಯೂ ಇಲ್ಲವೆಂಬುದನ್ನು ಸೇರುವ ಮೊದಲೇ ತಿಳಿದಿರುವುದು ಒಳ್ಳೆಯದು. ಕಚೇರಿಯವರು ಕೇಳಿದರೆ ಮಾತ್ರ ಹೇಳುತ್ತಾರೆ.

ಕಿರು ಯೋಜನೆಯ ಬಗ್ಗೆ ಮಾತ್ರ ನನಗೆ ಪೂರ್ಣ ತೃಪ್ತಿಯಿದೆ. ಸೊರಬ ಸೀಮೆಯವನಾದ ನಾನು ಮಂಗನ ಕಾಯಿಲೆಯನ್ನು ಆರಿಸಿಕೊಂಡೆ. ಆ ಕಾಯಿಲೆಗೂ ಪುಣೆಗೂ ಹಳೆಯ ನಂಟು: 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಅದರ ವೈರಸ್ಸನ್ನು ಪತ್ತೆಹಚ್ಚಿದ್ದು ಈ ಊರಿನ ವೈರಸ್ ಸಂಶೋಧನಾ ಕೇಂದ್ರ, ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ನಾನು ಮೊದಲು ತೆಗೆದುಕೊಂಡು ಹೋದ ನಕ್ಷೆ ತರಗತಿಯಲ್ಲಿ ಕಲಿತ ಮೂರು ಪೆಟ್ಟಿಗೆಗಳದ್ದೇ. ಪ್ರಾಧ್ಯಾಪಕರು ಸೋಂಕಿತರ ಪೆಟ್ಟಿಗೆಯಿಂದ ಹಿಂದಕ್ಕೆ ಹೋಗುವ ಬಾಣದ ಮೇಲೆ ಪೆನ್ಸಿಲ್ ಇಟ್ಟು, "ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಇದು ಬರುತ್ತದೆಯೇ?" ಎಂದು ಕೇಳಿದರು. ಬರುವುದಿಲ್ಲ. ಮನುಷ್ಯನಿಗೆ ಬಂದ ಸೋಂಕು ಅಲ್ಲಿಗೇ ನಿಲ್ಲುತ್ತದೆ. ಆ ಬಾಣ ಹೋದ ಮೇಲೆ ನಕ್ಷೆಯೇ ಬೇರೆಯಾಯಿತು: ಈ ರೋಗ ಹರಡುವ ಉಣುಗಿನ ಲಾರ್ವ, ನಿಂಫ್ ಮತ್ತು ಬೆಳೆದ ಹಂತಗಳಿಗೆ ಒಂದೊಂದು ಪೆಟ್ಟಿಗೆ, ಎಳೆಯ ಉಣುಗುಗಳಿಗೆ ರಕ್ತ ಕೊಡುವ ಸಣ್ಣ ಪ್ರಾಣಿಗಳು ಮತ್ತು ಮಂಗಗಳು, ಬೆಳೆದ ಉಣುಗುಗಳನ್ನು ಸಾಕುವ ದನಗಳು, ಮತ್ತು ನಿಂಫ್‌ಗಳ ಪೆಟ್ಟಿಗೆಯಿಂದ ಹೊರಗೆ ಹೋಗುವ, ಹಿಂದಿರುಗದ ಒಂದು ಬಾಣವಾಗಿ ಮನುಷ್ಯರು. ಮಳೆಗಾಲ ಮುಗಿದ ಮೇಲೆ ನಿಂಫ್‌ಗಳು ಹೆಚ್ಚುವುದನ್ನು ಋತುವಿನ ಪದವಾಗಿ ಸೇರಿಸಿದಾಗ, ಡಿಸೆಂಬರಿನಿಂದ ಮೇವರೆಗೆ ಏರಿಳಿಯುವ, ಮಲೆನಾಡಿನವರಿಗೆ ಗೊತ್ತಿರುವ ಆ ಆಕಾರವೇ ಬಂತು. ಪ್ರಾಧ್ಯಾಪಕರು ಆಗಲೂ ಮೆಚ್ಚುಗೆ ಸೂಚಿಸಲಿಲ್ಲ; ಋತುವನ್ನು ನೀವೇ ಒಳಗೆ ಹಾಕಿದ್ದೀರಿ, ಅದು ಹೊರಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ, ದನಗಳ ಸಂಖ್ಯೆಯನ್ನು ಅರ್ಧ ಮಾಡಿದರೆ ಏನಾಗುತ್ತದೆಂದು ನೋಡಿ ಎಂದರು. ಅದನ್ನು ಈಗಲೂ ನೋಡುತ್ತಿದ್ದೇನೆ.

ಬಿ.ಎಸ್ಸಿ. ಕೊನೆಯ ವರ್ಷದವರಿಗೆ, ಎಂ.ಎಸ್ಸಿ. ಓದುವವರಿಗೆ, ನನ್ನಂಥ ಮೇಷ್ಟ್ರುಗಳಿಗೆ ಈ ತರಗತಿಯನ್ನು ಧಾರಾಳವಾಗಿ ಹೇಳಬಲ್ಲೆ. ಪಿಯುಸಿಯ ನಂತರ ಗಣಿತವನ್ನು ಪೂರ್ತಿ ಮರೆತವರು ಅವಕಲನದ ಮೊದಲ ಅಧ್ಯಾಯವನ್ನಾದರೂ ತಿರುವಿಹಾಕಿಕೊಂಡು ಹೋಗಬೇಕು. ಕೆಲಸ ಸಿಗುತ್ತದೆಂಬ ಒಂದೇ ಆಸೆಯಿಂದ ಸೇರುವವರು 9,000 ರೂಪಾಯಿಯನ್ನು ಬೇರೆ ಕಡೆ ಹಾಕುವುದು ಲೇಸು. ಭಾನುವಾರದ ಪಾಠಗಳಿಗೆ ಮಾತ್ರ ಅರ್ಧ ಶುಲ್ಕದಲ್ಲಿ ಸೇರಿಸಿಕೊಳ್ಳುತ್ತೀರಾ ಎಂದು ನಾನು ಕಚೇರಿಯಲ್ಲಿ ಕೇಳಿದ್ದೆ, ಆಗುವುದಿಲ್ಲವೆಂದರು. ಮುಂದಿನ ತಂಡ ಗಣೇಶೋತ್ಸವದ ನಂತರ ಶುರುವಾಗುತ್ತದಂತೆ. ಹಣ ಕಟ್ಟುವ ಮೊದಲು ಪ್ರಾಧ್ಯಾಪಕರು ಮುಂದುವರಿಯುತ್ತಾರೆಯೇ ಎಂದು ಕೇಳಿಕೊಳ್ಳಿ. ಅವರಿಲ್ಲದಿದ್ದರೆ ಕೊಪಾಸಿ ಮತ್ತು ನೆಟ್‌ಲೋಗೊ ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಮನೆಯಲ್ಲೇ ಕುಳಿತು ಕಲಿಯಬಹುದು.